ಹಾಡಿನ ಕೆಳಗೆ ಹೆಸರು ಬರೆಯುವಾಗ

ಆಕಾಶವಾಣಿಯಲ್ಲಿ ಚಿತ್ರಗೀತೆ ಕೇಳಿ ಬೆಳೆದವರಿಗೆ ಆ ಕ್ರಮ ಗೊತ್ತು. ಹಾಡು ಹಾಕುವ ಮುಂಚೆ ಚಿತ್ರದ ಹೆಸರು, ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು, ಹಾಡಿದವರು ಎಲ್ಲರನ್ನೂ ನಿರೂಪಕರು ಹೇಳಿಯೇ ಮುಂದೆ ಹೋಗುತ್ತಿದ್ದರು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಇವರ ಮುಖವನ್ನೇ ನೋಡದ ಎಷ್ಟೋ ಮನೆಗಳಲ್ಲಿ ಇವರ ಹೆಸರು ಬಾಯಿಪಾಠವಾದದ್ದು ಹಾಗೆ. ‘ಸಾಹಿತ್ಯ: ಇಂಥವರು’ ಎಂಬ ಆ ಎರಡು ಪದಗಳಲ್ಲಿ ಒಂದು ಸಾಕ್ಷಿ ಇತ್ತು. ಈ ಮಾತುಗಳನ್ನು ಒಬ್ಬರು ಕೂತು ಬರೆದಿದ್ದಾರೆ, ಸೊಗಸಾಗಿದ್ದರೆ ಅದು ಅವರಿಗೆ ಸಲ್ಲಬೇಕು, ಸಪ್ಪೆಯಾಗಿದ್ದರೆ ಅವರನ್ನೇ ಕೇಳಬೇಕು ಎಂಬ ಸಾಕ್ಷಿ.

ಈಗ ಆ ಎರಡು ಪದ ಬರೆಯುವಾಗ ಕೈ ತಡೆಯುವ ಕಾಲ ಬಂದಿದೆ. ಸುನೋ, ಉಡಿಯೊದಂಥ ತಂತ್ರಾಂಶಗಳಿಗೆ ‘ಮಳೆಗಾಲ, ವಿರಹ, ಹೆಣ್ಣಿನ ದನಿ, ಕೊಳಲು’ ಎಂದು ನಾಲ್ಕು ಪದ ಕೊಟ್ಟರೆ ಕೈಯಲ್ಲಿನ ಚಹಾ ಆರುವುದರೊಳಗೆ ಸಾಹಿತ್ಯ, ಧಾಟಿ, ವಾದ್ಯ, ಕಂಠ ಎಲ್ಲ ಸೇರಿದ ಹಾಡು ತಯಾರು. ಬರೀ ಸಾಹಿತ್ಯ ಸಾಕೆಂದರೆ ಚಾಟ್‌ಜಿಪಿಟಿಯಂಥವು ಇವೆ. ಕನ್ನಡದಲ್ಲಿ ಅವುಗಳ ಕೈ ಇನ್ನೂ ಪೂರ್ತಿ ಪಳಗಿಲ್ಲ. ಅಂತ್ಯಪ್ರಾಸ ಹೊಂದಿಸುತ್ತವೆ, ಮಾತ್ರೆ ಎಣಿಸಲು ಹೋದರೆ ಎಡವುತ್ತವೆ. ನೆನಪು, ಕನಸು, ಮನಸುಗಳ ಸುತ್ತಲೇ ಗಿರಕಿ ಹೊಡೆಯುತ್ತವೆ. ಆದರೆ ಯಂತ್ರ ಬರುವುದಕ್ಕೆ ಮೊದಲೂ ನಮ್ಮ ಎಷ್ಟೋ ಹಾಡುಗಳು ಆ ಮೂರು ಪದಗಳ ಸುತ್ತಲೇ ತಿರುಗುತ್ತಿದ್ದವಲ್ಲ! ಹಾಗಾಗಿ ‘ಯಂತ್ರದ ಹಾಡು ಹೇಗೂ ಕಳಪೆ’ ಎಂಬ ಧೈರ್ಯವನ್ನು ನೆಚ್ಚಿಕೊಂಡು ಈ ಚರ್ಚೆ ಮಾಡಲಾಗದು. ಚೆನ್ನಾಗಿಯೇ ಬರುತ್ತದೆ ಎಂದಿಟ್ಟುಕೊಳ್ಳೋಣ. ಆಗ ಅದರ ಕೆಳಗೆ ನಾನು ನನ್ನ ಹೆಸರು ಬರೆಯಬಹುದೇ?

ನಾನು ಸಿನಿಮಾ ಕವಿಯಲ್ಲ. ಹವ್ಯಾಸಿ ತಂಡಗಳ ನಾಟಕಗಳಿಗೆ, ನೃತ್ಯರೂಪಕಗಳಿಗೆ, ಒಂದೆರಡು ಭಕ್ತಿಗೀತೆಯ ಆಲ್ಬಂಗಳಿಗೆ ಹಾಡು ಬರೆದವನು. ಆದರೂ ಈ ಪ್ರಶ್ನೆ ನನ್ನ ಮನೆಬಾಗಿಲಿಗೂ ಬಂದಿದೆ. ‘ಲಲಲಾ’ ಎಂದು ಗುನುಗಿದ ಟ್ಯೂನನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಸಂಗೀತ ನಿರ್ದೇಶಕರು, ‘ಯಂತ್ರದಲ್ಲಿ ಒಂದು ಡಮ್ಮಿ ತೆಗೆದಿದ್ದೀನಿ ಸರ್, ಸ್ವಲ್ಪ ತಿದ್ದಿ ಕೊಟ್ಟರೆ ಸಾಕು’ ಎನ್ನುವುದು ಶುರುವಾಗಿದೆ. ತಿದ್ದಿದ ಮೇಲೆ ಅದು ಯಾರದು?

ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ, ನಾವು ಅವನ್ನು ಕಲಸಿಬಿಡುತ್ತೇವೆ. ಹಾಡಿನ ಹಕ್ಕು ಯಾರದು ಎಂಬುದು ಒಂದು. ಹಾಡಿನ ಬಗ್ಗೆ ನಾನು ಕೇಳುಗರಿಗೆ ಹೇಳುತ್ತಿರುವುದು ನಿಜವೇ ಎಂಬುದು ಇನ್ನೊಂದು. ಮೊದಲನೆಯದನ್ನು ಕಾನೂನು ನೋಡಿಕೊಳ್ಳುತ್ತದೆ, ಅಥವಾ ನೋಡಿಕೊಳ್ಳಲು ಒದ್ದಾಡುತ್ತಿದೆ. ಎರಡನೆಯದಕ್ಕೆ ಕೋರ್ಟಿಲ್ಲ.

ಕಾನೂನಿನಿಂದಲೇ ಶುರು ಮಾಡುವೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಬಂದ ತಿದ್ದುಪಡಿಯಲ್ಲೇ ಕಂಪ್ಯೂಟರಿನಿಂದ ಹುಟ್ಟಿದ ಕೃತಿಗಳ ಮಾತಿದೆ. ಅಂಥ ಕೃತಿ ಹುಟ್ಟಲು ಕಾರಣನಾದ ವ್ಯಕ್ತಿಯೇ ಅದರ ಕರ್ತೃ ಎನ್ನುತ್ತದೆ ಆ ಸಾಲು. ಇಂಟರ್‌ನೆಟ್ಟೇ ಮನೆಗಳಿಗೆ ಬರದ ಕಾಲದಲ್ಲಿ ಬರೆದ ಸಾಲು ಅದು. ಇವತ್ತು ಅದನ್ನು ಓದಿದರೆ ಕಾರಣನಾದವನು ಯಾರು ಎಂದು ಗೊಂದಲವಾಗುತ್ತದೆ. ನಾಲ್ಕು ಪದ ಟೈಪು ಮಾಡಿದವನೇ? ತಂತ್ರಾಂಶ ಕಟ್ಟಿದ ಕಂಪನಿಯೇ? ಆ ತಂತ್ರಾಂಶ ಯಾರ ಹಾಡುಗಳನ್ನು ಉಂಡು ಬೆಳೆಯಿತೋ ಅವರೇ? 2020ರಲ್ಲಿ ನಮ್ಮ ಕೃತಿಸ್ವಾಮ್ಯ ಕಚೇರಿ ಒಂದು ಚಿತ್ರಕ್ಕೆ ‘ರಾಘವ್’ ಎಂಬ ತಂತ್ರಾಂಶವನ್ನು ಸಹಕರ್ತೃ ಎಂದು ನೋಂದಾಯಿಸಿತು. ಮಾರನೆಯ ವರ್ಷ ಅದನ್ನು ಹಿಂದಕ್ಕೆ ಪಡೆಯುವ ನೋಟಿಸು ಕೊಟ್ಟಿತು. ಕಚೇರಿಗೇ ಇಷ್ಟು ತೊಡಕಾದರೆ ಹಾಡು ಬರೆಯುವವನ ಪಾಡೇನು?

ಅಮೆರಿಕದ ಕೃತಿಸ್ವಾಮ್ಯ ಕಚೇರಿ ಹೆಚ್ಚು ಖಡಾಖಂಡಿತವಾಗಿದೆ. ಯಂತ್ರಕ್ಕೆ ಸೂಚನೆ ಕೊಟ್ಟ ಮಾತ್ರಕ್ಕೆ ಬಂದ ಕೃತಿಯ ಕರ್ತೃ ಆಗಲಾರಿರಿ, ಮನುಷ್ಯನ ಕೈವಾಡ ಇರುವ ಭಾಗಕ್ಕಷ್ಟೇ ರಕ್ಷಣೆ ಎಂದು 2025ರ ಜನವರಿಯ ವರದಿಯಲ್ಲಿ ಅದು ಹೇಳಿತು. ನೋಂದಣಿಗೆ ಬರುವವರು ಯಂತ್ರದ ಪಾಲು ಎಷ್ಟೆಂದು ತಿಳಿಸಬೇಕು ಎಂಬ ನಿಯಮ 2023ರಿಂದಲೇ ಅಲ್ಲಿದೆ. ನ್ಯಾಯವಾಗಿಯೇ ಇದೆ. ಆದರೆ ಇದರೊಳಗೆ ಒಂದು ಆಮಿಷವೂ ಅಡಗಿದೆ. ‘ಇದು ಯಂತ್ರದ್ದು’ ಎಂದು ಒಪ್ಪಿಕೊಂಡ ಕ್ಷಣವೇ ಹಾಡಿನ ಮೇಲಿನ ಹಕ್ಕು ಸಡಿಲವಾಗುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಬಾಯಿಮುಚ್ಚಿಕೊಂಡಿದ್ದರೆ ರಾಯಧನ ಬರುತ್ತಿರುತ್ತದೆ. ಹಕ್ಕನ್ನು ಮನುಷ್ಯನಿಗಾಗಿ ಕಾಯ್ದಿಡಲು ಮಾಡಿದ ನಿಯಮ, ಸುಳ್ಳು ಹೇಳುವವನಿಗೆ ಹೀಗೊಂದು ಲಾಭದ ದಾರಿಯನ್ನೂ ತೆರೆದಿಡುತ್ತದೆ. ಕಾನೂನನ್ನು ಬಯ್ಯಲು ಇದನ್ನು ಹೇಳುತ್ತಿಲ್ಲ. ಪ್ರಾಮಾಣಿಕತೆಯ ಕೆಲಸವನ್ನು ಕಾನೂನಿಗೆ ಗುತ್ತಿಗೆ ಕೊಡಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ಕಾಯ್ದೆಯ 57ನೇ ಕಲಮು ಇನ್ನೊಂದು ವಿಷಯ ಹೇಳುತ್ತದೆ. ಹಾಡಿನ ಹಕ್ಕನ್ನು ಮಾರಿಬಿಟ್ಟ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಬರೆದವನ ಬಳಿಯೇ ಉಳಿಯುತ್ತದೆ. ತುಂಬ ಮಾನವೀಯವಾದ ಕಲಮು ಅದು. ಬಡತನಕ್ಕೆ ಹಾಡು ಮಾರಬೇಕಾಗಿ ಬಂದವನ ಹೆಸರನ್ನಾದರೂ ಕಿತ್ತುಕೊಳ್ಳಬೇಡಿ ಎನ್ನುವಂತಿದೆ. ಆದರೆ ಅದು ಕಾಯುವುದು ಬರೆದವನನ್ನು. ಬರೆಯದವನು ತನ್ನ ಹೆಸರು ಹಾಕಿಕೊಂಡು ಕೇಳುಗನನ್ನು ನಂಬಿಸಿದರೆ, ಬರೆದದ್ದು ಯಂತ್ರವಾದ್ದರಿಂದ, ದೂರು ಕೊಡಲು ಯಾರೂ ಇರುವುದಿಲ್ಲ. ಕದ್ದ ಮಾಲಿಗೆ ಒಡೆಯನಿಲ್ಲದ ವಿಚಿತ್ರ ಕಳವು ಇದು. ಮೋಸ ಹೋದವರು ಮಾತ್ರ ಇದ್ದಾರೆ.

‘ಯಾರಿಗೆ ಮೋಸ? ಹಾಡು ಚೆನ್ನಾಗಿದ್ದರೆ ಸಾಕಲ್ಲ’ ಎನ್ನುವವರಿದ್ದಾರೆ. ಸುಲಭವಾಗಿ ತಳ್ಳಿಹಾಕುವ ಮಾತಲ್ಲ. 2025ರಲ್ಲಿ ‘ದಿ ವೆಲ್ವೆಟ್ ಸನ್‌ಡೌನ್’ ಎಂಬ ತಂಡದ ಹಾಡುಗಳನ್ನು ಸ್ಪಾಟಿಫೈಯಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಕೇಳಿದರು. ಹಾಡು, ಕಂಠ, ತಂಡದ ಸದಸ್ಯರ ಫೋಟೊ ಎಲ್ಲವೂ ಯಂತ್ರದ್ದು ಎಂಬ ಅನುಮಾನ ಎದ್ದು ಗದ್ದಲವಾದ ಮೇಲೆ, ಅದು ಎಐ ನೆರವಿನಿಂದ ಮಾಡಿದ ಯೋಜನೆ ಎಂದು ಆ ತಂಡದ ಪುಟವೇ ಒಪ್ಪಿಕೊಂಡಿತು. ಒಪ್ಪಿಕೊಳ್ಳುವ ಮೊದಲೂ ಆಮೇಲೂ ಹಾಡಿನ ಸ್ವರಗಳು ಒಂದೇ. ಆದರೂ ಕೇಳಿದವರಲ್ಲಿ ಹಲವರಿಗೆ ಕಸಿವಿಸಿಯಾಯಿತು. ಏಕೆ?

ಹಾಡಿಗೂ ಕುರ್ಚಿಗೂ ಇರುವ ವ್ಯತ್ಯಾಸವೇ ಕಾರಣ ಎಂದು ನನಗನ್ನಿಸುತ್ತದೆ. ಕುರ್ಚಿಯನ್ನು ಬಡಗಿ ಮಾಡಿದರೂ ಕಾರ್ಖಾನೆ ಮಾಡಿದರೂ ಅದರ ಮೇಲೆ ಕೂರಬಹುದು. ಹಾಡು ಒಂದು ಹೇಳಿಕೆ. ‘ನನಗೆ ಹೀಗಾಯಿತು, ನಿನಗೂ ಹೀಗಾಗಿದೆಯೇ?’ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವ ಮಾತು. ಮಗನನ್ನು ಕಳೆದುಕೊಂಡವನು ಬರೆದ ಪದ್ಯ ಓದಿ ಅಳುವ ಓದುಗ, ಪದಗಳಿಗಷ್ಟೇ ಅಳುವುದಿಲ್ಲ, ಆ ಪದಗಳ ಹಿಂದೆ ಮಗನನ್ನು ಕಳೆದುಕೊಂಡ ಒಬ್ಬ ಇದ್ದಾನೆ ಎಂದು ನಂಬಿ ಅಳುತ್ತಾನೆ. ನಾಟಕದ ಪಾತ್ರಕ್ಕೋ ಸಿನಿಮಾ ಸನ್ನಿವೇಶಕ್ಕೋ ಬರೆಯುವಾಗ ಕವಿ ತನ್ನದಲ್ಲದ ದುಃಖ ಬರೆಯುತ್ತಾನೆ, ನಿಜ. ಆದರೆ ಆ ದುಃಖವನ್ನು ಅವನು ಕಲ್ಪಿಸಿಕೊಂಡಿದ್ದಾನೆ, ತನ್ನ ಯಾವುದೋ ದುಃಖದ ತೂಕದ ಕಲ್ಲಿಟ್ಟು ತೂಗಿದ್ದಾನೆ. ಯಂತ್ರ ತೂಗುವುದಿಲ್ಲ. ಇಂಥ ಪದದ ನಂತರ ಇಂಥ ಪದ ಬರುವ ಸಂಭವ ಎಷ್ಟು ಎಂಬ ಲೆಕ್ಕದಲ್ಲಿ ಅದು ಸಾಲು ಕಟ್ಟುತ್ತದೆ. ಆ ಲೆಕ್ಕದಿಂದ ಸುಂದರವಾದ ಸಾಲು ಬರಬಹುದು. ಅದು ಸುಂದರ ಎಂದು ಹೇಳುವುದರಲ್ಲಿ ತಪ್ಪಿಲ್ಲ. ‘ನನ್ನ ಎದೆಯಿಂದ ಬಂತು’ ಎನ್ನುವುದು ಬೇರೆ ಮಾತು.

ಇಲ್ಲಿ ನಮ್ಮವರನ್ನೇ ನೆನಪಿಸಿ ಕೆಲವರು ನನ್ನನ್ನು ಕಟ್ಟಿಹಾಕಿದ್ದಾರೆ. ‘ಕವಿಗಳು ಯಾವಾಗ ಸ್ವಂತದ್ದು ಬರೆದಿದ್ದರು ಮಾರಾಯ? ಎಲ್ಲ ಎರವಲೇ ಅಲ್ಲವೇ?’ ಎಂದು. ಹೌದು, ಎರವಲೇ. ಕದಿಯದ ಕವಿಯೂ ಇಲ್ಲ, ಕದಿಯದ ವ್ಯಾಪಾರಿಯೂ ಇಲ್ಲ, ಮುಚ್ಚಿಡಲು ಬಲ್ಲವನು ನಿಂದೆಯಿಲ್ಲದೆ ಸುಖವಾಗಿರುತ್ತಾನೆ ಎಂಬರ್ಥದ ಮಾತನ್ನು ಸಾವಿರ ವರ್ಷಕ್ಕೂ ಹಿಂದೆಯೇ ‘ಕಾವ್ಯಮೀಮಾಂಸೆ’ಯ ರಾಜಶೇಖರ ಹೇಳಿದ್ದಾನೆ. ಪದ ಕದಿಯುವುದು, ಅರ್ಥ ಕದಿಯುವುದು ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಬಗೆಬಗೆಯಾಗಿ ವಿಂಗಡಿಸಿಯೂ ಇದ್ದಾನೆ. ಆದರೆ ಅವನು ಮುಚ್ಚಿಡುವುದು ಎಂದಾಗ, ಇನ್ನೊಬ್ಬನ ಅರ್ಥವನ್ನು ತನ್ನೊಳಗೆ ಕರಗಿಸಿ ಗುರುತು ಸಿಗದಂತೆ ಹೊಸದು ಮಾಡುವ ಕವಿ ಕಣ್ಣಮುಂದೆ ಇದ್ದಾನೆ. ಉಂಡದ್ದು ರಕ್ತವಾದ ಮೇಲೆ ಅದು ಯಾರ ಗದ್ದೆಯ ಅಕ್ಕಿ ಎಂದು ಯಾರೂ ಕೇಳುವುದಿಲ್ಲ. ಯಂತ್ರದ ಸಾಲನ್ನು ಹಾಗೇ ಎತ್ತಿ ಹಾಳೆಗೆ ಅಂಟಿಸುವವನು ಉಂಡೂ ಇಲ್ಲ, ಅರಗಿಸಿಯೂ ಇಲ್ಲ. ತಟ್ಟೆಯನ್ನು ಪಕ್ಕದವರ ಮನೆಯಿಂದ ತಂದು ನೆಂಟರ ಮುಂದಿಟ್ಟು ‘ನಾನೇ ಮಾಡಿದ್ದು’ ಎನ್ನುತ್ತಾನೆ, ಅಷ್ಟೆ.

ಇನ್ನು ಕನ್ನಡ ಕಾವ್ಯವಂತೂ ಋಣ ಹೇಳಿಕೊಂಡೇ ಹುಟ್ಟಿ ಬೆಳೆದದ್ದು. ಕಾವ್ಯದ ಆರಂಭದಲ್ಲಿ ಹಿಂದಿನ ಕವಿಗಳನ್ನು ನೆನೆಯುವುದು ಒಂದು ಕಟ್ಟಳೆಯೇ ಆಗಿತ್ತು. ಭಾರತದ ಕಥೆಗೆ ತನ್ನ ಅರಿಕೇಸರಿಯನ್ನು ಹೊಂದಿಸಿ ಹೊಸ ಕಾವ್ಯವನ್ನೇ ಕಟ್ಟಿದ ಪಂಪ, ವ್ಯಾಸರ ದೊಡ್ಡತನದ ಎದುರು ತಲೆಬಾಗಿಯೇ ಮುಂದುವರಿದ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಹೊರತಂದ ಸಂಕಲನಕ್ಕೆ ‘ಇಂಗ್ಲಿಷ್ ಗೀತಗಳು’ ಎಂದು ಹೆಸರಿಟ್ಟರು. ಎರವಲು ಎಂಬುದು ಪುಸ್ತಕದ ರಟ್ಟಿನ ಮೇಲೇ ಇತ್ತು. ಅದರಿಂದ ಆ ಪುಸ್ತಕದ ಬೆಲೆ ಒಂದು ಕಾಸೂ ಕಡಿಮೆಯಾಗಲಿಲ್ಲ, ಹೊಸಗನ್ನಡ ಕವಿತೆಯ ದಿಕ್ಕನ್ನೇ ಅದು ಬದಲಿಸಿತು. ಜನಪದ ಗೀತೆಗಳಿಗೆ ಕವಿಯ ಹೆಸರೇ ಇಲ್ಲ. ಬೀಸುವ ಕಲ್ಲಿನ ಮುಂದೆ ಕೂತವಳು ತನಗೆ ಬಂದ ತ್ರಿಪದಿಗೆ ಒಂದು ಸಾಲು ಸೇರಿಸಿ ಇನ್ನೊಬ್ಬಳಿಗೆ ದಾಟಿಸಿದಳು, ಹೆಸರು ಹಾಕಲಿಲ್ಲ. ಅಲ್ಲಿ ಸುಳ್ಳಿಲ್ಲ. ಇವತ್ತಿಗೂ ಅಂಥ ಹಾಡನ್ನು ಬಳಸಿಕೊಂಡವರು ‘ಸಾಹಿತ್ಯ: ಜಾನಪದ’ ಎಂದು ಬರೆದರೆ ಸಾಕು, ಲೆಕ್ಕ ಚುಕ್ತಾ.

ಎಲ್ಲಕ್ಕಿಂತ ನನ್ನನ್ನು ಕಾಡುವವನು ಕುಮಾರವ್ಯಾಸ. ಗದುಗಿನ ವೀರನಾರಾಯಣನೇ ಕವಿ, ತಾನು ಬರಿಯ ಲಿಪಿಕಾರ ಎಂದು ಅವನು ಹೇಳಿಕೊಂಡ. ಕವಿಯಾಗಿದ್ದವನು ಲಿಪಿಕಾರ ಎಂದು ಹೇಳಿಕೊಂಡ ಕಾಲ ಅದು. ಲಿಪಿಕಾರನೂ ಅಲ್ಲದವನು ಕವಿ ಎಂದು ಹೇಳಿಕೊಳ್ಳಬಹುದಾದ ಕಾಲ ಇದು. ವಚನಕಾರರು, ದಾಸರು ತಮ್ಮ ಹೆಸರಿನ ಬದಲು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರು. ಹನ್ನೆರಡನೇ ಶತಮಾನದ ಬಸವಣ್ಣನವರ ವಚನಗಳ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ. ಆದರೂ ‘ವಚನದೀಪ್ತಿ’ ಎಂಬ ಸಂಕಲನದಲ್ಲಿ ಅವುಗಳ ಅಂಕಿತ ಬದಲಾದಾಗ ಎದ್ದ ವಿವಾದ ಸರ್ಕಾರದ ನಿಷೇಧದಿಂದ ಹಿಡಿದು 2017ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಪ್ರಕರಣದ ಸರಿತಪ್ಪಿನ ಮಾತು ಇಲ್ಲಿ ಬೇಡ. ಹಕ್ಕಿನ ಅವಧಿಗೂ ಹೆಸರಿನ ಗೌರವಕ್ಕೂ ಸಂಬಂಧವಿಲ್ಲ ಎಂದು ಅದು ತೋರಿಸುತ್ತದೆ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೆ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳು 2041 ಮುಗಿದ ಮೇಲೆ ಎಲ್ಲರ ಸ್ವತ್ತಾಗುತ್ತವೆ. 2042ರಲ್ಲಿ ಅವರ ಕವಿತೆಯೊಂದನ್ನು ನನ್ನದೆಂದು ಅಚ್ಚು ಹಾಕಿಸಿಕೊಂಡರೆ ಅದು ಸತ್ಯವಾಗುವುದೇ?

ಒಂದು ಘಟನೆ ಹೇಳುವೆ. ಊರಿನ ಒಂದು ಸಂಸ್ಥೆ ಯುವಜನರಿಗೆ ಗೀತರಚನೆ ಸ್ಪರ್ಧೆ ನಡೆಸಿತ್ತು. ಮೂವರು ತೀರ್ಪುಗಾರರಲ್ಲಿ ನಾನೊಬ್ಬ. ಇನ್ನಿಬ್ಬರಲ್ಲಿ ಒಬ್ಬರು ನಿವೃತ್ತ ಕನ್ನಡ ಅಧ್ಯಾಪಕಿ, ಮತ್ತೊಬ್ಬರು ಸುಗಮ ಸಂಗೀತದ ಗಾಯಕರು. ಒಬ್ಬಳು ಹುಡುಗಿ ತನ್ನ ಹಾಡಿನ ಕೆಳಗೆ, ಯಾರೂ ಕೇಳದಿದ್ದರೂ, ಎರಡು ಸಾಲು ಬರೆದಿದ್ದಳು. ಪಲ್ಲವಿ ತನ್ನ ಅಜ್ಜಿ ಆಡುತ್ತಿದ್ದ ಮಾತಿನಿಂದ ಬಂತು, ಎರಡನೇ ಚರಣದ ಪ್ರಾಸಕ್ಕೆ ಎಐ ನೆರವು ಪಡೆದಿದ್ದೇನೆ ಎಂದು. ಅಜ್ಜಿ, ಯಂತ್ರ ಇಬ್ಬರ ಋಣವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಳು.

ಗಾಯಕರು ಹಾಳೆಯನ್ನು ಪಕ್ಕಕ್ಕಿಟ್ಟರು. ‘ಯಂತ್ರ ಮುಟ್ಟಿದ್ದಾಳೆ, ಬಿಟ್ಟುಬಿಡೋಣ’ ಎಂದರು. ಅಧ್ಯಾಪಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಮುಟ್ಟಿದ್ದೀನಿ ಅಂತ ಹೇಳಿದವಳು ಇವಳೊಬ್ಬಳು ಸರ್. ಮುಟ್ಟಿದವರು ಇವಳೊಬ್ಬಳೇ ಅಂತ ನಿಮಗೆ ಹೇಗೆ ಗೊತ್ತು? ಹೇಳಿದವಳಿಗೆ ದಂಡ, ಹೇಳದವರಿಗೆ ಹಾರ ಆಗುತ್ತಲ್ಲ?’ ಎಂದರು. ಗಾಯಕರ ವಾದದಲ್ಲೂ ಹುರುಳಿತ್ತು. ಉಳಿದ ಮಕ್ಕಳು ನಿಜವಾಗಿಯೂ ಒಬ್ಬರೇ ಕೂತು ಹೆಣಗಿದ್ದರೆ ಅವರಿಗೆ ಅನ್ಯಾಯವಲ್ಲವೇ ಎಂದು ಅವರು ಕೇಳಿದರು.

ಕೊನೆಗೆ ಆಯ್ದ ಐವರನ್ನು ಕರೆಸಿ ಮಾತಾಡಿಸಿದೆವು. ತುಂಬ ನಯವಾದ ಹಾಡು ಕೊಟ್ಟಿದ್ದ ಹುಡುಗನೊಬ್ಬನನ್ನು ‘ಈ ಪದ ಇಲ್ಲಿ ಯಾಕೆ ಬಂತಪ್ಪ?’ ಎಂದು ಕೇಳಿದೆ. ‘ಹಾಗೇ ಬಂತು ಸರ್’ ಎಂದ. ಅನುಮಾನ ಬಂತು. ಆದರೆ ಅನುಮಾನದ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು: ‘ಹಾಗೇ ಬಂತು’ ಎಂದು ಎಷ್ಟು ಒಳ್ಳೆಯ ಕವಿಗಳು ಹೇಳಿಲ್ಲ? ಬೇಂದ್ರೆಯವರು ‘ಅಂಬಿಕಾತನಯದತ್ತ’ ಎಂಬ ಹೆಸರಿನಲ್ಲಿ ಬರೆದರು. ಒಳಗಿನಿಂದ ನುಡಿಯುವವನು ಅವನು, ತಾವು ಅದನ್ನು ಕನ್ನಡಕ್ಕೆ ಇಳಿಸುವವರು ಎಂಬ ಭಾವ ಅವರದು. ಕವಿತೆ ತನ್ನಾಚೆಯಿಂದ ಬರುತ್ತದೆ ಎಂಬುದು ಸುಳ್ಳಲ್ಲ. ಆದರೆ ಬೇಂದ್ರೆ ಆ ಆಚೆಯವನಿಗೂ ಒಂದು ಹೆಸರು ಕೊಟ್ಟರು, ಅದರಲ್ಲಿ ತಾಯಿಯ ಹೆಸರನ್ನು ಸೇರಿಸಿದರು, ಬಂದದ್ದೆಲ್ಲದರ ಹೊಣೆ ಹೊತ್ತು ಜೀವನಪೂರ್ತಿ ಅದರೊಂದಿಗೆ ಬದುಕಿದರು.

ಆ ಹುಡುಗನ ಮೇಲೆ ನಾವು ಏನನ್ನೂ ಹೊರಿಸಲಿಲ್ಲ, ಹೊರಿಸುವಂತೆಯೂ ಇರಲಿಲ್ಲ. ಯಂತ್ರ ಬರೆದದ್ದನ್ನು ಹಿಡಿದುಕೊಡುತ್ತೇವೆ ಎನ್ನುವ ತಂತ್ರಾಂಶಗಳು ಮನುಷ್ಯರೇ ಬರೆದದ್ದನ್ನೂ ಯಂತ್ರದ್ದೆಂದು ಹೇಳಿದ ಉದಾಹರಣೆಗಳಿವೆ. ಹುಡುಗಿಯನ್ನು ಅಧ್ಯಾಪಕಿ ಒಂದೇ ಪ್ರಶ್ನೆ ಕೇಳಿದರು: ‘ಯಂತ್ರ ಕೊಟ್ಟದ್ದರಲ್ಲಿ ನೀನು ಬಿಟ್ಟದ್ದು ಯಾವುದು?’ ಹುಡುಗಿ ತಡವರಿಸದೆ ನಾಲ್ಕೈದು ಪದ ಹೇಳಿದಳು. ಒಂದು ಅಜ್ಜಿಯ ಬಾಯಲ್ಲಿ ಬರುವ ಪದ ಅಲ್ಲವಂತೆ, ಇನ್ನೊಂದು ಹಾಡುವಾಗ ನಾಲಿಗೆಗೆ ಭಾರವಂತೆ. ಅವಳಿಗೆ ಎರಡನೇ ಬಹುಮಾನ ಬಂತು. ಮುಂದಿನ ವರ್ಷದ ಅರ್ಜಿಯಲ್ಲಿ ‘ಈ ರಚನೆಯಲ್ಲಿ ಯಾರ, ಯಾವುದರ ನೆರವು ಪಡೆದಿದ್ದೀರಿ?’ ಎಂಬ ಒಂದು ಕಾಲಂ ಸೇರಿತು. ಹೇಳಿದವರ ಅಂಕ ಕಡಿಮೆ ಮಾಡಬಾರದು ಎಂಬ ಷರತ್ತು ಹಾಕಿಸಿದವರು, ಆಶ್ಚರ್ಯವೆಂದರೆ, ಗಾಯಕರು.

ಅಧ್ಯಾಪಕಿ ಕೇಳಿದ ಆ ಪ್ರಶ್ನೆಯನ್ನು ನಾನು ಇಂದಿಗೂ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಶೇಕಡ ಎಷ್ಟು ಯಂತ್ರದ್ದು, ಎಷ್ಟು ನಿನ್ನದು ಎಂಬ ಲೆಕ್ಕ ಹಾಡಿನಲ್ಲಿ ನಡೆಯುವುದಿಲ್ಲ. ಒಂದು ಪದ ಬದಲಾದರೆ ಇಡೀ ಚರಣವೇ ಬೇರೆಯಾಗುತ್ತದೆ. ನಿಘಂಟು ನೋಡಿ ಪ್ರಾಸ ಹುಡುಕುವುದನ್ನು ಯಾರೂ ಮೋಸ ಎನ್ನುವುದಿಲ್ಲ. ಟ್ಯೂನಿಗೆ ತಕ್ಕ ಪದವನ್ನು ಗೆಳೆಯನಿಂದ ಕೇಳಿ ಹಾಕುವುದೂ ಹಳೆಯ ಕೆಲಸ. ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಹೇಳಬಲ್ಲವನು ಆ ಹಾಡಿನ ಒಳಗೆ ಇದ್ದಾನೆ. ಬಂದದ್ದನ್ನೆಲ್ಲ ಇಟ್ಟುಕೊಂಡವನು ಹೊರಗಿದ್ದಾನೆ. ಒಳಗಿರುವವನು ಹೆಸರು ಹಾಕಲಿ, ನೆರವನ್ನೂ ಹೇಳಲಿ. ಹೊರಗಿರುವವನು ‘ಆಯ್ಕೆ: ಇಂಥವರು’ ಎಂದು ಹಾಕಿಕೊಳ್ಳಬಹುದು. ಆಯ್ಕೆಯೂ ಒಂದು ಕೆಲಸವೇ, ಅದಕ್ಕೆ ನಾಚಬೇಕಾಗಿಲ್ಲ.

ಹೀಗೆ ಹೇಳುವುದು ಅಸಾಧ್ಯವೇನಲ್ಲ ಎಂದು ದೊಡ್ಡವರು ತೋರಿಸಿದ್ದಾರೆ. ಜಾನ್ ಲೆನನ್ ಹಳೆಯ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ದನಿಯನ್ನು ಪಿಯಾನೊ ಸದ್ದಿನಿಂದ ಯಂತ್ರಕಲಿಕೆಯ ನೆರವಿನಿಂದ ಬಿಡಿಸಿ, 2023ರಲ್ಲಿ ಬೀಟಲ್ಸ್ ತಂಡದ ಉಳಿದವರು ‘ನೌ ಆ್ಯಂಡ್ ದೆನ್’ ಹೊರತಂದರು. ಹೇಗೆ ಮಾಡಿದೆವು ಎಂಬುದನ್ನು ಮೊದಲೇ ಹೇಳಿದ್ದರು. 2024ರ ಜನವರಿಯಲ್ಲಿ ‘ಲಾಲ್ ಸಲಾಂ’ ತಮಿಳು ಚಿತ್ರದ ಹಾಡಿಗೆ ತೀರಿಕೊಂಡ ಇಬ್ಬರು ಗಾಯಕರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಯನ್ನು ಎಐ ಮೂಲಕ ಮರಳಿ ತಂದ ಎ.ಆರ್. ರೆಹಮಾನ್, ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆ ಕಳಿಸಿದ್ದನ್ನು ಬಹಿರಂಗವಾಗಿ ತಿಳಿಸಿದರು. ಅದೇ ಸುಮಾರಿಗೆ ಒಂದು ತೆಲುಗು ಚಿತ್ರ ನಮ್ಮೆಲ್ಲರ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಒಪ್ಪಿಗೆಯಿಲ್ಲದೆ ಸೃಷ್ಟಿಸಿ ಬಳಸಿದೆ ಎಂದು ಅವರ ಮಗ ನೋಟಿಸು ಕೊಡಬೇಕಾಯಿತು. ತಂತ್ರ ಒಂದೇ ಬಗೆಯದು. ಕೇಳಿ ಪಡೆದೆವೇ, ಪಡೆದದ್ದನ್ನು ಹೇಳಿದೆವೇ ಎಂಬಲ್ಲಿ ದಾರಿ ಕವಲೊಡೆಯಿತು.

ಸಾಹಿತ್ಯದ ವಿಷಯದಲ್ಲಿ ಕೇಳಿ ಪಡೆಯುವುದು ಇನ್ನೂ ಕಷ್ಟ. ಪಂಪನಿಗೆ ತನ್ನ ಋಣ ವ್ಯಾಸರದ್ದೆಂದು ಗೊತ್ತಿತ್ತು. ಯಂತ್ರ ಕೊಟ್ಟ ಸಾಲು ಯಾರ ಋಣ? ಯಾವ ಕವಿಯ ಯಾವ ಪುಟದಿಂದ ಅದು ಆ ತಿರುವು ಕಲಿಯಿತು? ಬಳಸುವವನಿಗೆ ಗೊತ್ತಾಗುವುದಿಲ್ಲ. ಅಮೆರಿಕದ ದೊಡ್ಡ ಸಂಗೀತ ಕಂಪನಿಗಳು 2024ರ ಜೂನಿನಲ್ಲಿ ಸುನೋ, ಉಡಿಯೊ ಮೇಲೆ ಮೊಕದ್ದಮೆ ಹೂಡಿದ್ದು ಇದೇ ಋಣದ ಲೆಕ್ಕಕ್ಕೆ. ಮರುವರ್ಷ ಅವುಗಳಲ್ಲಿ ಕೆಲವು ರಾಜಿಯಾದವು. ಒಂಬತ್ತು ಜರ್ಮನ್ ಹಾಡುಗಳ ಸಾಹಿತ್ಯವನ್ನು ಚಾಟ್‌ಜಿಪಿಟಿ ಅನುಮತಿಯಿಲ್ಲದೆ ಬಳಸಿದ ಪ್ರಕರಣದಲ್ಲಿ 2025ರ ನವೆಂಬರಿನಲ್ಲಿ ಮ್ಯೂನಿಕ್ ನ್ಯಾಯಾಲಯ ಗೀತರಚನೆಕಾರರ ಸಂಘದ ಪರ ನಿಂತಿತು. ನಮ್ಮಲ್ಲೂ ದೆಹಲಿ ಹೈಕೋರ್ಟಿನಲ್ಲಿ ಸುದ್ದಿಸಂಸ್ಥೆಯೊಂದು ಓಪನ್‌ಎಐ ಮೇಲೆ ಹೂಡಿದ ದಾವೆಯಲ್ಲಿ ಸಂಗೀತ ಕಂಪನಿಗಳೂ ಸೇರಿಕೊಳ್ಳಲು ಮುಂದಾದವು. ಇವೆಲ್ಲ ಇತ್ಯರ್ಥವಾಗುವವರೆಗೆ ಹಾಡು ಬರೆಯುವವನು ಒಂದನ್ನು ನೆನಪಿಡಬೇಕು. ಜಾರ್ಜ್ ಹ್ಯಾರಿಸನ್‌ನ ‘ಮೈ ಸ್ವೀಟ್ ಲಾರ್ಡ್’ ಹಾಡಿನ ಧಾಟಿ ಹಿಂದೆ ಬಂದಿದ್ದ ಇನ್ನೊಂದು ಹಾಡಿನದೆಂದು 1976ರಲ್ಲಿ ತೀರ್ಪಾಯಿತು. ಅರಿವಿಲ್ಲದೆ ಆದದ್ದಿರಬಹುದು, ಆದರೂ ಹೊಣೆ ತಪ್ಪುವುದಿಲ್ಲ ಎಂದರು ನ್ಯಾಯಾಧೀಶರು. ತನ್ನದೇ ನೆನಪು ಮಾಡಿದ ಕಿತಾಪತಿಗೆ ಹ್ಯಾರಿಸನ್ ದಂಡ ತೆರಬೇಕಾಯಿತು. ಯಂತ್ರದ ನೆನಪು ನಮ್ಮ ನೆನಪಿಗಿಂತ ಎಷ್ಟೋ ದೊಡ್ಡದು, ನಮಗೆ ಕಾಣದ್ದು. ಅದು ಕೊಟ್ಟ ಸಾಲಿನ ಕೆಳಗೆ ಹೆಸರು ಬರೆಯುವವನು, ಎಂದೂ ಕೇಳದ ಹಾಡಿಗೂ ಜಾಮೀನು ನಿಂತಂತೆ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು. ಯಂತ್ರವನ್ನು ಗುಟ್ಟಾಗಿ ಬಳಸುವವರು ಇದು ತಮ್ಮ ಮತ್ತು ತಮ್ಮ ಮನಸ್ಸಾಕ್ಷಿಯ ನಡುವಿನ ವಿಷಯ ಎಂದುಕೊಳ್ಳುತ್ತಾರೆ. ಹಾಗಲ್ಲ. ಭಾರತದ ಗೀತರಚನೆಕಾರರು ರಾಯಧನದಲ್ಲಿ ಪಾಲು ಪಡೆಯಲು ದಶಕಗಟ್ಟಲೆ ಕಾಯಬೇಕಾಯಿತು. ಜಾವೇದ್ ಅಖ್ತರ್ ಅಂಥವರು ಸಂಸತ್ತಿನಲ್ಲೂ ದನಿಯೆತ್ತಿ, 2012ರ ತಿದ್ದುಪಡಿಯ ಮೂಲಕ ಆ ಹಕ್ಕು ಸಿಕ್ಕಿತು. ಆ ಹಕ್ಕಿನ ಬುಡದಲ್ಲಿದ್ದ ನಂಬಿಕೆ ಇಷ್ಟೇ: ಈ ಮಾತನ್ನು ಕಟ್ಟಲು ಒಬ್ಬರು ದುಡಿದಿದ್ದಾರೆ. ಹೆಸರಾಂತ ಕವಿಯೊಬ್ಬ ಯಂತ್ರದಿಂದ ಒಂದೇ ರಾತ್ರಿಯಲ್ಲಿ ಎಂಟು ಹಾಡು ತೆಗೆದು, ತಾನೇ ಬರೆದದ್ದೆಂದು ನಿರ್ಮಾಪಕರ ಕೈಗಿಟ್ಟರೆ, ನಿರ್ಮಾಪಕ ಏನು ಕಲಿಯುತ್ತಾನೆ? ಎಂಟು ಹಾಡಿಗೆ ಒಂದು ರಾತ್ರಿ ಸಾಕು ಎಂದು ಕಲಿಯುತ್ತಾನೆ. ಮರುದಿನ ಅವನ ಬಾಗಿಲಿಗೆ ಬರುವ ಹೊಸಬ, ಒಂದು ಹಾಡಿಗೆ ಒಂದು ವಾರ ಬೇಕು ಎಂದರೆ ನಗುತ್ತಾನೆ. ಸಂಭಾವನೆ ಇಳಿಯುತ್ತದೆ, ವಾರ ಹಿಡಿಯುವವನಿಗೆ ಕೆಲಸವೇ ಸಿಗುವುದಿಲ್ಲ. ಅದೇ ಕವಿ ‘ಇದರಲ್ಲಿ ಯಂತ್ರದ ಕೆಲಸವಿದೆ, ಅದಕ್ಕೆ ಬೇಗ ಆಯಿತು’ ಎಂದು ಹೇಳಿದ್ದರೆ ಕೈಯಿಂದ ಬರೆಯುವ ಹಾಡಿನ ಬೆಲೆ ಬೇರೆಯಾಗಿ ಉಳಿಯುತ್ತಿತ್ತು. ಕೈಮಗ್ಗದ ಸೀರೆಗೆ ಗುರುತಿನ ಮುದ್ರೆ ಇರುವುದು ಪವರ್‌ಲೂಮ್ ಸೀರೆಯನ್ನು ಅವಮಾನಿಸಲು ಅಲ್ಲವಲ್ಲ. ನೇಯುವವನ ಒಲೆ ಉರಿಯಲಿ ಎಂದು.

ಭಕ್ತಿಗೀತೆಯ ಆಲ್ಬಂ, ಚುನಾವಣೆಯ ಪ್ರಚಾರದ ಹಾಡು, ಅಂಗಡಿ ಜಾಹೀರಾತಿನ ನಾಲ್ಕು ಸಾಲು, ಊರ ಹಬ್ಬದ ಸ್ವಾಗತಗೀತೆ: ಹಾಡು ಕಟ್ಟುವವರು ಕೈ ಪಳಗಿಸಿಕೊಂಡದ್ದು ಇಂಥ ಸಣ್ಣಪುಟ್ಟ ಕೆಲಸಗಳಲ್ಲಿ. ನೂರು ಕೆಟ್ಟ ಸಾಲು ಬರೆದವನಿಗೆ ಒಂದು ಒಳ್ಳೆಯ ಸಾಲು ಸಿಗುತ್ತದೆ. ಆ ನೂರು ಸಾಲಿಗೂ ಅಷ್ಟಿಷ್ಟು ದುಡ್ಡು ಕೊಡುತ್ತಿದ್ದ ಕೆಲಸಗಳು ಯಂತ್ರದ ಪಾಲಾಗುತ್ತಿವೆ, ಅದನ್ನು ತಡೆಯಲು ನನ್ನಿಂದಾಗದು. ಆದರೆ ನಾನು ಬರೆದ ಹಾಡಿನ ಕೆಳಗೆ ನಿಜ ಬರೆಯುವುದು ನನ್ನ ಕೈಲಿದೆ. ಸಂಗೀತ ನಿರ್ದೇಶಕರು ಕಳಿಸಿದ ಯಂತ್ರದ ಡಮ್ಮಿಯನ್ನು ತಿದ್ದಿ ಕೊಡುವಾಗ ನಾನು ಈಗ ‘ತಿದ್ದುಪಡಿ’ ಎಂದೇ ಹಾಕಿ, ತಿದ್ದುಪಡಿಯ ಸಂಭಾವನೆಯನ್ನಷ್ಟೇ ಕೇಳುತ್ತೇನೆ. ಪೂರ್ತಿ ಬರೆದುಕೊಡುವುದಾದರೆ ಪೂರ್ತಿ ದುಡ್ಡು, ಪೂರ್ತಿ ಹೆಸರು. ‘ಅಷ್ಟೆಲ್ಲ ಯಾರು ನೋಡ್ತಾರೆ ಸರ್?’ ಎಂದು ಅವರು ನಗುತ್ತಾರೆ. ನೋಡುವವರು ಕಡಿಮೆ, ನಿಜ. ಆದರೆ ಎಲ್ಲೋ ಒಬ್ಬಳು ಹುಡುಗಿ ತನ್ನ ಅಜ್ಜಿಯ ಮಾತಿಗೆ ಸರಿಹೊಂದುವ ಪದಕ್ಕಾಗಿ ಮೂರು ದಿನದಿಂದ ಒದ್ದಾಡುತ್ತಿದ್ದಾಳೆ. ಅವಳ ಮೂರು ದಿನಕ್ಕೆ ಬೆಲೆ ಇರಬೇಕಾದರೆ, ನನ್ನ ಮೂರು ನಿಮಿಷವನ್ನು ನಾನು ಮೂರು ದಿನ ಎಂದು ಹೇಳಬಾರದು.